ಕೌದಿಯ ಹೊಟ್ಟೆಯಲ್ಲೊಂದು ರೊಟ್ಟಿ ಚೂರು

ಯಲಬುರ್ಗಾ ಬಸ್ಸು

ನಾನು ಒಂದು ಕಡೆ ಕೂರುವ ಹೆಂಗಸಲ್ಲ. ಕುಷ್ಟಗಿಯ ಮನೆಯಿಂದ ಯಲಬುರ್ಗಾದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸೀಟು ಸಿಕ್ಕಿದ್ದರೂ ಊರು ಇನ್ನೂ ಎರಡು ಮೈಲಿ ಇರುವಾಗಲೇ ಎದ್ದು ಬಾಗಿಲ ಹತ್ತಿರ ನಿಲ್ಲುವುದು ನನ್ನ ಚಟ. "ಅಕ್ಕಾರ, ನೀವು ಎದ್ದು ನಿಂತ್ರ ಬಸ್ ಜೋರ ಓಡಂಗಿಲ್ರಿ," ಎಂದು ಕಂಡಕ್ಟರ್ ಎಷ್ಟು ಸಲ ಹೇಳಿದ್ದಾನೋ. ಓಡುವುದಿಲ್ಲ ಅಂತ ನನಗೂ ಗೊತ್ತು. ಆದರೆ ಕಾಲು ಕೇಳಬೇಕಲ್ಲ!

ಇಂಥವಳು ಯಾವ ಕೆಲಸವನ್ನು ಮುಗಿಸಿಯಾಳು? ಟೈಪಿಂಗ್ ಸೀನಿಯರ್ ಪರೀಕ್ಷೆಗೆ ಕಟ್ಟಿದೆ, ಬರೆಯಲು ಹೋಗಲಿಲ್ಲ. ಹಾರ್ಮೋನಿಯಂ ತಂದೆ, ಸ ರಿ ಗ ದಾಟಲಿಲ್ಲ. ಸ್ಕೂಟಿ ಕಲಿತೆ, ತಿರುಗಿಸುವುದನ್ನು ಕಲಿಯುವ ಮೊದಲೇ ಬೇಸರ ಬಂತು. ಅದು ಈಗ ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿದೆ. ಮನೆಗೆ ಬಂದವರಿಗೆ ನನ್ನ ಗಂಡ, "ಅರ್ಧಾ ಆಗಿದ್ದೆಲ್ಲಾ ಇಕಿದು, ಪೂರಾ ಆಗಿದ್ದೆಲ್ಲಾ ಅಂಗಡೀದು," ಎಂದು ತೋರಿಸುತ್ತಾರೆ.

ನಮ್ಮ ಅತ್ತೆ ಹನಮವ್ವ ಇರುವುದು ಇರಕಲ್ಲಗಡದಲ್ಲಿ, ನನ್ನ ಭಾವನ ಮನೆಯಲ್ಲಿ. ಭಾನುವಾರ ನಾವು ಅಲ್ಲಿಗೆ ಹೋಗುವುದು ರೂಢಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅತ್ತೆಯದು ಎತ್ತಿದ ಕೈ. ನಾಲ್ಕು ವರ್ಷದ ಹಿಂದೆ ಅವರ ಕಣ್ಣಿಗೆ ಸೂಜಿಯ ರಂಧ್ರ ಕಾಣದಾಯಿತು. "ಇನ್ನ ನನಗ ಹೊಸಾ ಕೌದಿ ಯಾರ ಹೊಲೀತಾರ?" ಎಂದು ಒಂದು ಭಾನುವಾರ ಎಲ್ಲರ ಮುಂದೆ ಕೇಳಿದರು. ನಾನು ಹಿಂದುಮುಂದು ನೋಡದೆ, "ನಾ ಹೊಲೀತೀನ್ರಿ ಅತ್ತಿ," ಅಂದುಬಿಟ್ಟೆ. ಮನೆಗೆ ಮನೆಯೇ ನಕ್ಕಿತು.

"ನೀ ಮುಗಿಸಿದ ಕೌದಿ ಮ್ಯಾಲ ನಾ ಮಲಗೂದು ಈ ಜಲ್ಮದಾಗ ಐತೇನ ನೀಲವ್ವ?" ಎಂದು ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಅವರು ನಗದೇ ಇದ್ದಿದ್ದರೆ ನಾನು ಆ ಮಾತನ್ನು ಅವತ್ತೇ ಮರೆಯುತ್ತಿದ್ದೆ. ನಕ್ಕಿದ್ದಕ್ಕೆ ಹಟ ಬಂತು.

ಅತ್ತೆಯ ಕೌದಿಗೆ ಕಾಯಿದೆಗಳಿವೆ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರಬೇಕು. ದಾರ ಮುಗಿದರೆ ಗಂಟು ಹಾಕುವಂತಿಲ್ಲ. ತುದಿಯನ್ನು ಹಿಂದಿನ ನಾಲ್ಕು ಹೊಲಿಗೆಯ ಕೆಳಗೆ ಮರಳಿ ತೂರಿಸಿ, ಹೊಸ ದಾರವನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಗಂಟು ಇದ್ದರೆ ಮಲಗಿದವರಿಗೆ ಒತ್ತುತ್ತದೆ. ಕಣ್ಣು ಮಂಜಾದರೂ ಅತ್ತೆ ಕೌದಿಯ ಮೇಲೆ ಕೆನ್ನೆ ಇಟ್ಟು ಸರಿಯುತ್ತ ಸರಿಯುತ್ತ ಗಂಟು ಹಿಡಿಯುತ್ತಿದ್ದರು. ನನಗೋ ಅವಸರ. ದಾರ ಮುಗಿದರೆ ಗಂಟು, ಸಿಕ್ಕಾದರೆ ಗಂಟು. ಮೊದಲ ವರ್ಷದ ಹೊಲಿಗೆಯನ್ನೆಲ್ಲ ಅವರು ಕುಳಿತಲ್ಲೇ ಎಳೆದು ಬಿಚ್ಚಿದರು. "ಇದು ಹೊಲಿಗಿ ಅಲ್ಲವಾ, ಕೋಳಿ ಕೆದರಿದ್ದು!" ಎರಡನೆಯ ವರ್ಷವೂ ಬಿಚ್ಚಿದರು. ಅವತ್ತು ನಾನು ಕೌದಿಯನ್ನು ಮೂಟೆ ಕಟ್ಟಿಕೊಂಡು, ಅಳುತ್ತ, ಸಾಣಾಪುರದ ನಾದಿನಿಯ ಮನೆಗೆ ಹೋಗಿಬಿಟ್ಟೆ.

ಸಾಣಾಪುರದ ಬಂಡೆ

ನನ್ನ ನಾದಿನಿ ರತ್ನಾ ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರಿಗೆ ಎರಡು ಕೋಣೆ ಬಾಡಿಗೆ ಕೊಡುತ್ತಾಳೆ. ಹಿತ್ತಲಿನ ಬಂಡೆಯ ಮೇಲೆ ಕೌದಿ ಹರಡಿ, ಇದನ್ನು ಇಲ್ಲೇ ಬಿಟ್ಟು ಹೋಗುವುದೋ, ಕೆರೆಗೆ ಎಸೆಯುವುದೋ ಎಂದು ಯೋಚಿಸುತ್ತ ಕೂತಿದ್ದೆ. ಕೋಣೆಯಲ್ಲಿದ್ದ ನ್ಯೂಜಿಲೆಂಡಿನ ಹೆಂಗಸು, ಅರವತ್ತು ದಾಟಿದವಳು, ಬಂದು ಪಕ್ಕದಲ್ಲಿ ಕೂತಳು. ಹೆಸರು ಹೆಲೆನ್. ಕೇಳದೆ ಕೌದಿಯನ್ನು ಮುಟ್ಟಿದಳು, ಕೇಳದೆ ತಿರುವಿ ನೋಡಿದಳು. ಆಮೇಲೆ ನನ್ನ ಕಚೇರಿಯ ಇಂಗ್ಲಿಷು, ಅವಳ ಮೂಗಿನ ಇಂಗ್ಲಿಷು ಸೇರಿ ಅರ್ಧ ದಿನ ಮಾತಾಡಿದೆವು.

ಅವಳ ಊರಿನಲ್ಲಿ ಕೌದಿಯಂಥದ್ದನ್ನು ಹೊಲಿಯುವ ಹೆಂಗಸರ ಸಂಘವಿದೆಯಂತೆ. ಎರಡು ವರ್ಷಕ್ಕೊಮ್ಮೆ ಪ್ರದರ್ಶನ. "ಮುಗಿಸು. ಮುಗಿಸಿ ನೀನೇ ತೆಗೆದುಕೊಂಡು ಬಾ. ಸಂಘದಿಂದ ಟಿಕೆಟ್ ಕಳಿಸುತ್ತೇವೆ," ಎಂದಳು. ಪ್ರವಾಸಿಗರು ಹೋಗುವಾಗ ಇಂಥ ಮಾತು ಆಡಿಯೇ ಹೋಗುತ್ತಾರೆ ಎಂದು ರತ್ನಾ ಹೇಳಿದಳು. ಆದರೆ ಹೆಲೆನ್ ತಿಂಗಳಿಗೊಂದು ಸಂದೇಶ ಕಳಿಸುತ್ತಲೇ ಇದ್ದಳು: ಎಷ್ಟನೆಯ ಸುತ್ತು?

ಆ ಪ್ರಶ್ನೆ ನನ್ನನ್ನು ಕೂರಿಸಿತು. ಹತ್ತು ನಿಮಿಷ ಕೂರುತ್ತಿದ್ದೆ, ಏಳುತ್ತಿದ್ದೆ, ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ಡಬ್ಬಿ ತೆರೆದು ಮುಚ್ಚಿ ಮತ್ತೆ ಬಂದು ಕೂರುತ್ತಿದ್ದೆ. ಹೀಗೆ ಎರಡು ವರ್ಷ. ಅತ್ತೆ ಭಾನುವಾರ ಭಾನುವಾರ ಕೆನ್ನೆ ಇಟ್ಟು ನೋಡುವರು. ಒಂದು ಭಾನುವಾರ ಗಂಟು ಸಿಗಲಿಲ್ಲ. ಮರು ಭಾನುವಾರವೂ ಸಿಗಲಿಲ್ಲ.

ಸಂಘದವರು ಹೇಳಿದಂತೆಯೇ ಟಿಕೆಟ್ ಕಳಿಸಿದರು. ವಿಮಾನಕ್ಕೆ ಒಂದು ವಾರ ಇದೆ ಎನ್ನುವಾಗ ಕೌದಿ ನಡುವಿಗೆ ಬಂತು. ಕಟ್ಟಕಡೆಗೆ ನಡುವೆ ಗೇಣಗಲ ಜಾಗ ಉಳಿಯುತ್ತದೆ. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ ನಮ್ಮ ಮನೆಯಲ್ಲಿ. ಹೊಟ್ಟೆ ಮುಚ್ಚುವ ಮೊದಲು ಅದಕ್ಕೆ ಉಣ್ಣಿಸಬೇಕು. ಅತ್ತೆ ಅವತ್ತು ಬೆಳಿಗ್ಗೆಯ ಖಡಕ್ ಜೋಳದ ರೊಟ್ಟಿಯ ಒಂದು ಚೂರು ಮುರಿದು ತಮ್ಮ ಕೈಯಾರೆ ಒಳಗಿಟ್ಟರು. ಮೇಲೆ ತಮ್ಮ ಮದುವೆಯ ಇಳಕಲ್ ಸೀರೆಯ ಸೆರಗಿನ ತುಂಡು ಹಾಸಿದರು. ಆ ಸೀರೆಯಲ್ಲಿ ಉಳಿದದ್ದು ಅಷ್ಟೇ. ನಾನು ಅದರ ಸುತ್ತ ಹೊಲಿದು ಮುಗಿಸಿದೆ.

"ಇನ್ನ ಮಲಗ್ರಿ ಅತ್ತಿ," ಎಂದೆ.

"ಈಗ ಮಲಗಿದ್ರ ಮುದ್ದಿ ಆಗತೈತಿ. ಆ ದೇಶದ ಮಂದಿ ನೋಡಲಿ ಮೊದಲ. ಬಂದ ಮ್ಯಾಲ ಮಲಗತೀನಿ, ಅದೇನ ಓಡಿ ಹೊಕ್ಕೈತೇನ?" ಎಂದರು.

ಆಕ್ಲೆಂಡ್: ನಾಯಿ ಕೂತಿತು

ವಿಮಾನದಲ್ಲಿ ಕೂರುವುದು ಎಂದರೆ ನನ್ನಂಥವಳಿಗೆ ಶಿಕ್ಷೆ. ಆ ಕಡೆಯಿಂದ ಈ ಕಡೆಗೆ ಎಷ್ಟು ಸಲ ನಡೆದೆನೆಂದರೆ, ಗಗನಸಖಿ ನನ್ನನ್ನು ಹಿಡಿದು ನಿಲ್ಲಿಸಿ ಮೈ ಹುಷಾರಿಲ್ಲವೇ ಎಂದು ಕೇಳಿದಳು. ಹುಷಾರಿದೆ, ಇದು ನಮ್ಮ ಮನೆತನದ ಕಾಲು ಎಂದು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ನೀರು ಕೇಳಿ ಸುಮ್ಮನಾದೆ.

ಇಳಿಯುವ ಮೊದಲು ಒಂದು ಚೀಟಿ ತುಂಬಬೇಕು. ನಿಮ್ಮ ಹತ್ತಿರ ಆಹಾರ ಇದೆಯೇ? ನಾನು ಸರ್ಕಾರಿ ಕಚೇರಿಯವಳು, ಅರ್ಜಿಯಲ್ಲಿ ಸುಳ್ಳು ಬರೆಯುವುದಿಲ್ಲ. ಇದೆ ಎಂದು ಬರೆದೆ. ಶೇಂಗಾ ಚಟ್ನಿ ಎಂದೂ ಬರೆದೆ. ಹೆಮ್ಮೆಯಿಂದ ಸಹಿ ಹಾಕಿದೆ.

ಚೀಲಗಳು ಬರುವ ಜಾಗದಲ್ಲಿ ಹಸಿರು ಅಂಗಿ ತೊಟ್ಟ ಗಿಡ್ಡ ನಾಯಿಯೊಂದು ಎಲ್ಲರ ಸಾಮಾನು ಮೂಸುತ್ತ ಬಂದು, ನನ್ನ ಕೌದಿಯ ಚೀಲದ ಪಕ್ಕ ಅಚ್ಚುಕಟ್ಟಾಗಿ ಕೂತುಬಿಟ್ಟಿತು. "ಹಚಾ!" ಎಂದೆ. ಏಳಲಿಲ್ಲ. ನಮ್ಮೂರಿನಲ್ಲಿ ನಾಯಿ ಹತ್ತಿರ ಬಂದು ಕೂತರೆ ಒಂದು ತುತ್ತು ಹಾಕು ಅಂತ ಅರ್ಥ. ಇಲ್ಲಿ ಕೂತರೆ ನಿನ್ನ ಚೀಲದಲ್ಲಿ ತುತ್ತು ಇದೆ, ನಡಿ ಒಳಗೆ ಅಂತ ಅರ್ಥ.

ಒಳಗಿನ ಕೋಣೆಯಲ್ಲಿ ಸಮವಸ್ತ್ರದ ಎತ್ತರದ ಹೆಂಗಸೊಬ್ಬಳು ಚಟ್ನಿ ಡಬ್ಬಿ ತೆರೆದು ನೋಡಿ, ಅದನ್ನು ಮರಳಿ ಕೊಟ್ಟಳು. ಆಮೇಲೆ ಕೌದಿಯನ್ನು ಯಂತ್ರದೊಳಗೆ ಕಳಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕೌದಿಯ ನಡುವೆ ಚುಕ್ಕೆ ಚುಕ್ಕೆ ಕಾಣುತ್ತಿತ್ತು.

"ಇದೇನು?"

ಅಯ್ಯೋ ಶಿವನೇ! ಆಗ ನೆನಪಾಯಿತು. ಚಟ್ನಿ ಬರೆದೆ, ರೊಟ್ಟಿ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅಂದರೆ ಅದು ನನ್ನ ಊಟ ಅಲ್ಲ, ಕೌದಿಯ ಊಟ. ನನ್ನ ತಲೆಯಲ್ಲಿ ಅದು ಆಹಾರದ ಲೆಕ್ಕಕ್ಕೇ ಬಂದಿರಲಿಲ್ಲ.

ಇದನ್ನೇ ಅವಳಿಗೆ ಹೇಳಿದೆ. ಹೊದಿಕೆ ಯಾಕೆ ಊಟ ಮಾಡುತ್ತದೆ ಎಂದು ಗಂಭೀರವಾಗಿ ಕೇಳಿದಳು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ ಎಂದೆ. ಅದನ್ನೂ ಬರೆದುಕೊಂಡಳು. ಆಹಾರ ಇದೆ ಎಂದು ಚೀಟಿಯಲ್ಲಿ ಒಪ್ಪಿಕೊಂಡಿದ್ದರಿಂದ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ಆದರೆ ಕೌದಿಯನ್ನು ಹೀಗೇ ಒಳಗೆ ಬಿಡಲಾರೆ ಎಂದಳು. ದಾರಿ ಮೂರು. ಹುಳ ಸಾಯುವ ಔಷಧ ಹಾಕಿಸಲು ಕಳಿಸಬಹುದು, ಬರಲು ಹತ್ತು ದಿನ. ಇಲ್ಲವೇ ಸುಟ್ಟು ಹಾಕಬಹುದು. ಇಲ್ಲವೇ ನಾನೇ ಇಲ್ಲಿ ಹೊಲಿಗೆ ಬಿಚ್ಚಿ ಚೂರುಗಳನ್ನೆಲ್ಲ ತೆಗೆದುಕೊಡಬಹುದು.

ಅವತ್ತು ಗುರುವಾರ. ಪ್ರದರ್ಶನ ಶನಿವಾರ, ಅದೂ ಒಂದೇ ದಿನ.

"ಕತ್ತರಿ ಕೊಡಿ," ಎಂದೆ.

ಇಪ್ಪತ್ತೊಂದು ಸುತ್ತು

ಗೇಣಗಲ ಬಿಚ್ಚಿದರೆ ಸಾಕು ಎಂದುಕೊಂಡಿದ್ದೆ. ಆದರೆ ಖಡಕ್ ರೊಟ್ಟಿ ಸುಮ್ಮನಿರುತ್ತದೆಯೇ? ಮಡಿಚಿ, ಒತ್ತಿ, ಚೀಲಕ್ಕೆ ತುರುಕಿದ್ದರಲ್ಲಿ ಪುಡಿಯಾಗಿ ಪದರಗಳ ನಡುವೆ ಸುತ್ತಲೂ ಸರಿದಿತ್ತು. ನಾನು ಒಂದು ಸುತ್ತು ಬಿಚ್ಚುವುದು, ಅವಳು ದೀಪ ಹಿಡಿದು ನೋಡುವುದು, ಅಲ್ಲೊಂದು ಚೂರು. ಇನ್ನೊಂದು ಸುತ್ತು ಬಿಚ್ಚುವುದು, ಅಲ್ಲೊಂದು ಚೂರು. ಇಳಕಲ್ ಸೆರಗಿನ ತುಂಡನ್ನು ಹರಿಯದಂತೆ ಎತ್ತಿ ಪಕ್ಕಕ್ಕಿಟ್ಟೆ.

ಅವಳು ಕೈಗವಸು ಹಾಕಿಕೊಂಡು, ಸಣ್ಣ ಚಿಮಟಿಗೆಯಲ್ಲಿ, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಒಂದೊಂದೇ ಕಣ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಒಂದು ಕಣ ಉಳಿದರೆ ಏನು ಮುಳುಗಿಹೋಗುತ್ತದೆ ಎಂದು ಕೇಳಿದೆ. ಒಂದು ಕಣದಲ್ಲಿ ಒಂದು ಹುಳ ಇರಬಹುದು, ಆ ಹುಳಕ್ಕೆ ಇಲ್ಲಿ ವೈರಿ ಇಲ್ಲದೆ ಇರಬಹುದು ಎಂದಳು. ನಮ್ಮಲ್ಲಿ ಜೋಳಕ್ಕೆ ನುಸಿ ಬಿದ್ದರೆ ಬಿಸಿಲಿಗೆ ಹಾಕಿ ಬೇವಿನ ಸೊಪ್ಪು ಇಟ್ಟು ಮುಗಿಸುತ್ತೇವೆ. ಇವರು ಬಾಗಿಲಲ್ಲೇ ನುಸಿಗೆ ಪಾಸ್‌ಪೋರ್ಟ್ ಕೇಳುತ್ತಾರೆ. ಬೈದುಕೊಳ್ಳುತ್ತಲೇ ಅವಳ ಕೈಯನ್ನು ನೋಡುತ್ತಿದ್ದೆ. ಎರಡು ತಾಸಿನಲ್ಲಿ ಒಮ್ಮೆಯೂ ಆ ಕೈ ಅವಸರ ಮಾಡಲಿಲ್ಲ.

ಕೊನೆಗೆ ಇಪ್ಪತ್ತೊಂದು ಸುತ್ತು ಬಿಚ್ಚಿಯಾಗಿತ್ತು. ಕೌದಿಯ ನಡುವೆ ಒಂದು ಮೊಳ ಚೌಕದ ಬಾಯಿ. ಐದು ತಿಂಗಳ ಭಾನುವಾರಗಳು, ಅತ್ತೆಯ ಕೆನ್ನೆ ದಾಟಿ ಬಂದ ಸುತ್ತುಗಳು, ಮೇಜಿನ ಮೇಲೆ ಸುಕ್ಕು ಸುಕ್ಕು ದಾರವಾಗಿ ಬಿದ್ದಿದ್ದವು. ನನಗೆ ಅಳು ಬಂತು. ಮುಗಿಸಿದ ಒಂದೇ ಒಂದು ಕೆಲಸವನ್ನು ನನ್ನ ಕೈಯಿಂದಲೇ ಅರ್ಧ ಮಾಡಿಸಿದರಲ್ಲ ಎಂದು ಸಿಟ್ಟೂ ಬಂತು. ಆ ಹೆಂಗಸು ಕಾಗದದ ಕರವಸ್ತ್ರ ಕೊಟ್ಟು, ಚೀಟಿಗೆ ಮುದ್ರೆ ಒತ್ತಿ, ನಿಮ್ಮ ಅತ್ತೆಗೆ ನನ್ನ ಪರವಾಗಿ ಕ್ಷಮೆ ಕೇಳಿ ಎಂದಳು.

ಹೆಲೆನ್ ಊರು

ಆಕ್ಲೆಂಡಿನಿಂದ ಹೆಲೆನ್‌ಳ ಕಾರಿನಲ್ಲಿ ನಾಲ್ಕು ತಾಸು, ಸಮುದ್ರದಂಡೆಯ ಸಣ್ಣ ಊರು. ದಾರಿಯುದ್ದಕ್ಕೂ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಕುರಿಗಳಿವೆ, ಕಾಯುವವರಿಲ್ಲ, ಬೇಲಿ ಹಾಕಿ ಬಿಟ್ಟಿದ್ದಾರೆ. ನಮ್ಮ ಕುಷ್ಟಗಿ ಕಡೆಯ ಕುರಿಗಳು ವರ್ಷವೆಲ್ಲ ಊರೂರು ನಡೆಯುತ್ತವೆ. ಇವು ನಿಂತಲ್ಲೇ ತಿಂದು, ನಿಂತಲ್ಲೇ ದಪ್ಪಗಾಗುತ್ತವೆ. ನನಗೆ ಅವುಗಳನ್ನು ನೋಡಿಯೇ ಕಾಲು ತುರಿಸಿತು.

ಅಂಗಡಿಯಲ್ಲಿ ದಾರ ಕೊಳ್ಳಲು ನಿಂತಾಗ ಮುಂದಿದ್ದ ದೊಡ್ಡ ಮನುಷ್ಯ ಬರಿಗಾಲಲ್ಲಿದ್ದ. ಒಳ್ಳೆಯ ಅಂಗಿ, ಕೈಯಲ್ಲಿ ಕಾರಿನ ಕೀಲಿ, ಕಾಲಲ್ಲಿ ಏನೂ ಇಲ್ಲ. ಪಾಪ, ಚಪ್ಪಲಿ ಹರಿಯಿತೇನೋ ಎಂದು ಮರುಗಿದೆ. ಆಮೇಲೆ ನೋಡಿದರೆ ಅರ್ಧ ಊರೇ ಬರಿಗಾಲು! ನಾವು ಮಕ್ಕಳಿಗೆ ಚಪ್ಪಲಿ ಹಾಕಿಕೋ ಎಂದು ಬೈಯುತ್ತ ದೊಡ್ಡವರಾದೆವು. ಇವರು ಇಷ್ಟೆಲ್ಲ ಇದ್ದೂ ಮಣ್ಣು ಮುಟ್ಟಿಕೊಂಡು ನಡೆಯುತ್ತಾರೆ. ಅಲ್ಲಿಯ ಮಂದಿ ಯಾರಿಗೂ ಅವಸರವಿಲ್ಲ. ರಸ್ತೆ ದಾಟಲು ನಾನು ಓಡಿದರೆ ಕಾರು ನಿಲ್ಲಿಸಿ, ನಿಧಾನ ನಿಧಾನ ಎಂದು ಕೈ ಮಾಡುತ್ತಾರೆ.

ಸಂಜೆಯಿಂದಲೇ ಹೊಲಿಯಲು ಕೂತೆ. ಹೆಲೆನ್ ತನ್ನ ಮನೆಯ ಮುಂದಿನ ಮಾಡಿನ ಕೆಳಗೆ ಕುರ್ಚಿ ಹಾಕಿದಳು. ಬೇಡ ಎಂದು ನೆಲಕ್ಕೆ ಕೂತೆ. ಒಂದು ಸುತ್ತು ಆಗುವಷ್ಟರಲ್ಲಿ ಮೂರು ಸಲ ಎದ್ದೆ. ಹೆಲೆನ್ ತನ್ನ ಹೊಲಿಗೆಯನ್ನು ತಂದು ಎದುರಿಗೆ ಕೂತಳು. ನಾಲ್ಕನೆಯ ಸಲ ಎದ್ದಾಗ ಅವಳಿಗೂ ಚಹಾ ತರಬೇಕೇ ಎಂದು ಕೇಳಿದೆ. "ನೀನು ಚಹಾಕ್ಕೆ ಏಳುತ್ತಿಲ್ಲ," ಎಂದಳು. ನಾಚಿ ಕೂತೆ. ಅವತ್ತು ಮೂರು ಸುತ್ತು ಆಯಿತು.

ಶುಕ್ರವಾರದ ಮಷೀನು

ಶುಕ್ರವಾರ ಮಧ್ಯಾಹ್ನಕ್ಕೆ ಎಂಟನೆಯ ಸುತ್ತು. ಬೆರಳ ತುದಿ ಬಾತಿತ್ತು. ಸಂಘದ ಮಾರ್ಗರೆಟ್ ಎಂಬ ಹೆಂಗಸು ಬಂದು ನೋಡಿ, ತನ್ನ ಮನೆಯಲ್ಲಿ ದೊಡ್ಡ ಹೊಲಿಗೆ ಯಂತ್ರವಿದೆ, ಇಷ್ಟನ್ನು ಕಾಲು ತಾಸಿನಲ್ಲಿ ಮುಗಿಸಿಕೊಡುತ್ತೇನೆ ಎಂದಳು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಕೈಹೊಲಿಗೆಯೇ ಆಗಬೇಕೆಂಬ ನಿಯಮವೂ ಪ್ರದರ್ಶನಕ್ಕೆ ಇರಲಿಲ್ಲ. ಬಾಯಿ ಬಿಟ್ಟೇ ಹಾಕಿದರೂ ಸರಿ, ಅದರ ಕಥೆಯನ್ನು ಚೀಟಿಯಲ್ಲಿ ಬರೆದು ಅಂಟಿಸೋಣ ಎಂದು ಹೆಲೆನ್ ಅಂದಳು.

ನಾನು ಮಾರ್ಗರೆಟ್ ಮನೆಗೆ ಹೋದೆ. ಯಾಕೆ ಸುಳ್ಳು ಹೇಳಲಿ, ಓಡಿಕೊಂಡೇ ಹೋದೆ. ಯಂತ್ರ ನಮ್ಮ ಕಚೇರಿಯ ಎರಡು ಮೇಜಿನಷ್ಟು ಉದ್ದವಿತ್ತು. ಕೌದಿಯನ್ನು ಹಾಸಿ, ಸೂಜಿಯನ್ನು ಇಳಕಲ್ ಸೆರಗಿನ ಅಂಚಿಗೆ ತಂದು, ಒತ್ತಲೇ ಎಂದು ಕೇಳಿದಳು. ಒಂದು ನಿಮಿಷ ಎಂದು ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ. ಗುರುವಾರದಿಂದ ಮುಚ್ಚಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಆ ಕಡೆಯಿಂದ ನಗು ಕೇಳಿತು.

"ಯವ್ವಾ, ಒಂದು ರೊಟ್ಟಿ ಚೂರಿಗೆ ಕೌದೀನ ಜೇಲಿಗೆ ಹಾಕಿದ್ರೇನ! ನಿನ್ನ ಹಿಡೀಲಿಲ್ಲಲ್ಲ?"

"ಇಲ್ರಿ ಅತ್ತಿ. ಆದ್ರ ನಾಳೆ ಪ್ರದರ್ಶನ ಐತ್ರಿ. ಇಲ್ಲೊಂದು ಮಷೀನ್ ಐತಿ. ಹಾಕಿಸಲ್ರಿ?"

"ಹಾಕಿಸವ್ವಾ. ನಾ ಯಾಕ ಬ್ಯಾಡ ಅನ್ಲಿ? ಕೌದಿ ನಿಂದು, ಕೈ ನಿಂದು."

"ನೀವು ಮಲಗತೀರೇನ್ರಿ ಅದರ ಮ್ಯಾಲ?"

"ಮಲಗತೀನಿ. ಅಂಗಡ್ಯಾಗಿಂದು ತಂದ್ರೂ ಮಲಗತೀನಿ, ಮುದುಕಿಗೆ ಏನಾಗಬೇಕೈತಿ? ಮಷೀನ್‌ದ ಮ್ಯಾಲ ಮಲಗೂದಿದ್ರ ನಾಕು ವರ್ಷ ನಿನ್ನ ಕೂಡ ಯಾಕ ಬಡಿದ್ಯಾಡತಿದ್ದೆ ನಾ?"

ನಾನು ತಿರುಗಿ ಒಳಗಿನ ಯಂತ್ರವನ್ನು ನೋಡಿದೆ.

"ಹೊಟ್ಟ್ಯಾಗ ಏನ ಇಡ್ಲಿರಿ ಅತ್ತಿ? ಇಲ್ಲೆ ಜೋಳ ಸಿಗಂಗಿಲ್ಲ."

"ಆ ಊರಾಗ ನೀ ಏನ ಉಣ್ತಿ, ಅದನ್ನ ಇಡು. ಕೌದಿ ನಿನಗಿಂತ ದೊಡ್ಡದೇನ?" ಎಂದು ಫೋನು ಇಟ್ಟರು.

ಒಳಗೆ ಹೋಗಿ ಮಾರ್ಗರೆಟ್‌ಗೆ ಕೈ ಮುಗಿದು ಕೌದಿ ಎತ್ತಿಕೊಂಡು ಬಂದೆ. ಅವಳಿಗೆ ಬೇಸರವಾಯಿತೇನೋ ಎಂದು ಹೆದರಿದೆ. ಅವಳು ಬೆರಳಿಗೆ ಹಾಕಿಕೊಳ್ಳುವ ಚರ್ಮದ ಟೊಪ್ಪಿಗೆಯೊಂದನ್ನು ತಂದು ಕೊಟ್ಟಳು.

ಶನಿವಾರ

ಪ್ರದರ್ಶನ ಊರಿನ ಸಭಾಭವನದಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಗೋಡೆ ತುಂಬ ಹೊದಿಕೆಗಳು. ಹೊದಿಕೆ ತೂಗುಹಾಕುವ ನಡುವಿನ ಒಂದು ಕೋಲು ಖಾಲಿ. ಕೆಳಗೆ ನನ್ನ ಹೆಸರು, ಕೊಪ್ಪಳ, ಭಾರತ ಎಂದು ಬರೆದ ಚೀಟಿ. ಆ ಕೋಲಿನ ಕೆಳಗೆ ಚಾಪೆ ಹಾಸಿಕೊಂಡು ನಾನು ಹೊಲಿಯುತ್ತಿದ್ದೆ. ಇನ್ನೂ ಎಂಟು ಸುತ್ತು ಬಾಕಿ.

ಬಂದವರು ನಿಂತು ನೋಡುವರು, ಮೆಲ್ಲಗೆ ಮಾತಾಡುವರು, ಹೋಗುವರು. ಒಬ್ಬಾಕೆ ಪಕ್ಕದಲ್ಲೇ ಕೂತು, ಒಂದು ಮಾತೂ ಆಡದೆ ಒಂದು ತಾಸು ನನಗೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ನನ್ನ ಗೋತ್ರ, ಗಂಡನ ಕೆಲಸ, ಮಕ್ಕಳ ಮಾರ್ಕ್ಸು ಎಲ್ಲ ಕೇಳಿ ಮುಗಿಯುತ್ತಿತ್ತು. ಹೆಲೆನ್ ಗಡಿಯಾರ ನೋಡುವುದು ನನಗೆ ಕಾಣುತ್ತಿತ್ತು. ನಾನು ನೋಡದಂತೆ ನೋಡುತ್ತಿದ್ದಳು.

ಎರಡು ಗಂಟೆಗೆ ಹದಿನೇಳನೆಯ ಸುತ್ತಿನಲ್ಲಿ ದಾರ ಸಿಕ್ಕಾಯಿತು. ಬಿಡಿಸಿದೆ, ಮತ್ತೆ ಸಿಕ್ಕಾಯಿತು. ಇನ್ನು ನಾಲ್ಕು ಸುತ್ತು, ಮೂರು ತಾಸು. ಕೈ ತಾನಾಗಿ ಒಂದು ಗಂಟು ಹಾಕಿಬಿಟ್ಟಿತು. ಎಳ್ಳಿನಷ್ಟು ಗಂಟು. ಬಟ್ಟೆಯ ಪದರದೊಳಗೆ ಎಳೆದು ಬಚ್ಚಿಟ್ಟು ಮುಂದೆ ಹೋದೆ.

ಹದಿನೆಂಟನೆಯ ಸುತ್ತು ಓಡಿತು. ಹತ್ತೊಂಬತ್ತು ಓಡಿತು. ಇನ್ನೇನು, ನಾಲ್ಕೂವರೆಗೆ ಮುಗಿದು ಕೋಲಿಗೆ ಏರುತ್ತದೆ. ಹೆಲೆನ್ ಏಣಿ ತರಿಸಿ ನಿಲ್ಲಿಸಿದಳು. ಮಂದಿ ಸುತ್ತ ಸೇರಿದರು. ಆದರೆ ನನ್ನ ಎಡಗೈ ಹೆಬ್ಬೆರಳು ಆ ಗಂಟಿನ ಮೇಲೇ ಹೋಗುತ್ತಿತ್ತು. ತೆಗೆದೆ, ಮತ್ತೆ ಹೋಯಿತು. ಅತ್ತೆಯ ಕೆನ್ನೆ ಅಲ್ಲಿಗೆ ಬಂದಾಗ ಏನೆನ್ನುತ್ತಾರೆ? ಏನೂ ಅನ್ನಲಿಕ್ಕಿಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟುಬಿಡುತ್ತಾರೆ. ಅವರು ಬೈದಾಗೆಲ್ಲ ಇಷ್ಟು ಹೆದರಿರಲಿಲ್ಲ.

ಇಪ್ಪತ್ತನೆಯ ಸುತ್ತಿನ ನಡುವೆ ಸೂಜಿ ನಿಲ್ಲಿಸಿದೆ. ಎದ್ದು ಸಭಾಭವನದ ಹೊರಗೆ ಹೋಗಿ ಸಮುದ್ರದ ಕಡೆ ಐವತ್ತು ಹೆಜ್ಜೆ ನಡೆದೆ, ಐವತ್ತು ಹೆಜ್ಜೆ ಮರಳಿ ಬಂದೆ. ಕೂತೆ. ಕತ್ತರಿ ತೆಗೆದುಕೊಂಡು ಇಪ್ಪತ್ತು ಬಿಚ್ಚಿದೆ, ಹತ್ತೊಂಬತ್ತು ಬಿಚ್ಚಿದೆ, ಹದಿನೆಂಟು ಬಿಚ್ಚಿದೆ. ಯಾರೋ "ಅಯ್ಯೋ" ಎಂಬರ್ಥದ ಉದ್ಗಾರ ತೆಗೆದರು. ಹೆಲೆನ್ ಓಡಿ ಬಂದಳು. ಗಂಟನ್ನು ಅವಳಿಗೆ ತೋರಿಸಿದೆ. ಬೆರಳಿನಿಂದ ಮುಟ್ಟಿ ನೋಡಿದಳು. ಯಾರಿಗೂ ಕಾಣುವುದಿಲ್ಲವಲ್ಲ ಎಂದು ಅಂದಾಳು ಎಂದುಕೊಂಡಿದ್ದೆ. ಅವಳು ಮಾರ್ಗರೆಟ್‌ಗೆ ಕಣ್ಸನ್ನೆ ಮಾಡಿ ಏಣಿಯನ್ನು ತೆಗೆಸಿದಳು, ಬಂದು ನನ್ನ ಎದುರು ನೆಲಕ್ಕೆ ಕೂತಳು.

ಐದು ಗಂಟೆಗೆ ದೀಪ ಆರಿಸಿದರು. ಗೋಡೆಯ ಮೇಲಿದ್ದ ಹೊದಿಕೆಗಳೆಲ್ಲ ಇಳಿದವು. ನನ್ನ ಕೋಲಿಗೆ ಏನೂ ಏರಲಿಲ್ಲ, ಏನೂ ಇಳಿಯಲಿಲ್ಲ. ಸಾವಿರಾರು ಮೈಲಿ ಹಾರಿ ಬಂದದ್ದು ಇದಕ್ಕೇನಾ ಎಂದು ದುಃಖ ಒತ್ತರಿಸಿ ಬಂತು. ಅತ್ತುಬಿಟ್ಟೆ. ಅಳುತ್ತಲೇ ಸೂಜಿಯನ್ನು ಕೌದಿಗೆ ಚುಚ್ಚಿ, ಮಡಿಚಿ ಎತ್ತಿಕೊಂಡೆ.

ಭಾನುವಾರ ಬೆಳಿಗ್ಗೆ ಹೆಲೆನ್‌ಳ ಅಡುಗೆಮನೆಯಲ್ಲಿ ಕೂತು, ಅವಳು ಒಲೆಯಲ್ಲಿ ಒಣಗಿಸಿ ಕೊಟ್ಟ ಬ್ರೆಡ್ಡಿನ ಒಂದು ಚೂರನ್ನು ಕೌದಿಯ ಹೊಟ್ಟೆಗಿಟ್ಟೆ. ಮೇಲೆ ಸೆರಗಿನ ತುಂಡು ಹಾಸಿ, ಉಳಿದ ಸುತ್ತುಗಳನ್ನು ಹೊಲಿದೆ. ಮುಗಿದ ಮೇಲೆ ನೋಡಿದರೆ ಚಹಾ ಆರಿ ತಣ್ಣಗಾಗಿತ್ತು. ಕುಡಿಯುವುದನ್ನು ಮರೆತಿದ್ದೆ.

ಇರಕಲ್ಲಗಡ

ಬಂದ ಮರುವಾರ ಇರಕಲ್ಲಗಡಕ್ಕೆ ಹೋದೆವು. ಊಟ ಮುಗಿದಿತ್ತು. ನನ್ನ ಗಂಡ ಎರಡೂವರೆಯ ಬಸ್ಸಿಗೆ ಹೊರಡೋಣ ಎಂದು ಹೇಳಿ, ಭಾವನ ಜೊತೆ ಕಟ್ಟೆಗೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ಕೂತಿದ್ದರು.

"ಎಲ್ಲಾರೂ ನೋಡಿದ್ರೇನವ್ವಾ? ಎತ್ತರಕ್ಕ ಹಾಕಿದ್ರೇನ?"

"ಹಾಕಲಿಲ್ರಿ ಅತ್ತಿ. ಅಷ್ಟೊತ್ತಿಗೆ ಮುಗೀಲಿಲ್ಲ."

ಗಂಟಿನ ಕಥೆ ಹೇಳಿದೆ. "ಹಾಸು," ಎಂದರು ಅಷ್ಟೇ.

ಹಾಸಿದೆ. ಅತ್ತೆ ಮೊಣಕಾಲೂರಿ, ಬಗ್ಗಿ, ಕೆನ್ನೆಯನ್ನು ಕೌದಿಗೆ ಹಚ್ಚಿದರು. ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಸರಿಯುತ್ತ ಬಂದರು. ಒಂದು ಕಡೆ ಕೆನ್ನೆ ನಿಂತಿತು.

"ಇಲ್ಲೆ ಏನೋ ಆಗೈತಿ."

"ಅಲ್ಲೇ ಗಂಟು ಹಾಕಿದ್ದೆರಿ. ಬಿಚ್ಚೀನಿ."

"ಅದ ಅನ್ನಾಕತ್ತೀನಿ. ಬಟ್ಟಿಗೆ ಎರಡು ಸಲ ಸೂಜಿ ಬಿದ್ದೈತಿ," ಎಂದು ಮುಂದೆ ಸರಿದರು. ಸೆರಗಿನ ತುಂಡಿನ ಮೇಲೆ ಅಂಗೈ ಒತ್ತಿದರು. "ಹೊಟ್ಟ್ಯಾಗ ಏನ ಇಟ್ಟಿ?"

"ಅಲ್ಲೀ ಬ್ರೆಡ್ರಿ."

"ಪಾಪ, ಸಿಕ್ಕಿದ್ದು ಉಂಡೈತಿ."

ಹಾಗೆನ್ನುತ್ತ ಅಲ್ಲೇ ಪಕ್ಕಕ್ಕೆ ಹೊರಳಿ, ಕಾಲು ಮಡಿಚಿ, ತೋಳನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದರು. ಕಣ್ಣು ಮುಚ್ಚಿಯೇ, "ನೀಲವ್ವ, ಎದ್ದು ಅಡ್ಡಾಡಬ್ಯಾಡ. ನಿದ್ದಿ ಕೆಡತೈತಿ," ಎಂದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು.

ಎರಡೂವರೆಯ ಬಸ್ಸು ಹಾರ್ನ್ ಹೊಡೆಯಿತು. ಗಂಡ ಬಾಗಿಲಿಗೆ ಬಂದು, ಬಾ ಎಂದು ಕೈ ಮಾಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಬಸ್ಸು ಹೋಯಿತು. ನಾನು ಕೂತೇ ಇದ್ದೆ.